ಭಾರದ ಬೈಕ್ ಎತ್ತಲು ಯಾವ ಜಾಕ್? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಮುಂದೆ ಕೂತು ತಮ್ಮ ಗಾಡಿಯ ಕೆಲಸ ತಾವೇ ಮಾಡಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ನನ್ನದು ರಾಯಲ್ ಎನ್‌ಫೀಲ್ಡ್‌ನ ಇಂಟರ್‌ಸೆಪ್ಟರ್ 650. ಅದಕ್ಕೂ ಮುಂಚೆ ಹಳೇ ಬುಲೆಟ್ ಇತ್ತು. ಜಾಕ್ ವಿಷಯದಲ್ಲಿ ನಾನು ಮಾಡಿರುವ ತಪ್ಪುಗಳು ಒಂದೆರಡಲ್ಲ. ಫೋನ್ ಮಾಡಿ ಕೇಳುವ ಗೆಳೆಯರಿಗೆ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಒಂದು ಕಡೆ ಸೇರಿಸಿದೆ.

ಕಾರಿನ ಸ್ಟೆಪ್ನಿ ಜಾಕ್ ಹೇಗೂ ಡಿಕ್ಕಿಯಲ್ಲಿದೆ. ಅದೇ ಸಾಲದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ನಾನೂ ಹಾಗೇ ಅಂದುಕೊಂಡಿದ್ದೆ. ಟನ್ ತೂಕದ ಕಾರನ್ನೇ ಎತ್ತುತ್ತದೆ, ಇನ್ನೂರು ಕೆಜಿ ಬೈಕ್ ಯಾವ ಲೆಕ್ಕ?

ಆದರೆ ಕಾರಿನ ಜಾಕ್ ಇಡೀ ಕಾರನ್ನು ಹೊರುವುದಿಲ್ಲ. ಒಂದು ಮೂಲೆಯನ್ನು ಮಾತ್ರ ಎತ್ತುತ್ತದೆ. ಉಳಿದ ಮೂರು ಚಕ್ರ ನೆಲದ ಮೇಲಿದ್ದು ಕಾರನ್ನು ಅಲುಗಾಡದಂತೆ ಹಿಡಿದಿರುತ್ತವೆ. ಬೈಕಿಗೆ ಆ ಮೂರು ಚಕ್ರದ ಆಸರೆ ಎಲ್ಲಿದೆ? ಜಾಕ್ ಭಾರವನ್ನೂ ಹೊರಬೇಕು, ಗಾಡಿ ಪಕ್ಕಕ್ಕೆ ವಾಲದಂತೆಯೂ ಹಿಡಿಯಬೇಕು. ಎರಡನೇ ಕೆಲಸಕ್ಕೆ ಸ್ಟೆಪ್ನಿ ಜಾಕನ್ನು ಮಾಡಿಯೇ ಇಲ್ಲ.

ನನಗೆ ಆದದ್ದು ಹೀಗೆ. ಮುಂದಿನ ಚಕ್ರದ ಬೇರಿಂಗ್ ಬದಲಿಸಬೇಕಿತ್ತು. ಪೋರ್ಟಿಕೋದಲ್ಲಿ ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ಇಂಜಿನ್ ಮುಂಭಾಗದ ಕೆಳಗೆ ಮರದ ತುಂಡಿಟ್ಟು ಕಾರಿನ ಜಾಕ್ ಕೊಟ್ಟೆ. ಚಕ್ರ ಆರಾಮಾಗಿ ಕೈಗೆ ಬಂತು. ಆಮೇಲೆ, ಹೇಗೂ ಕೂತಿದ್ದೇನಲ್ಲ ಅಂತ, ಬೇರೆ ಕಡೆ ಬಿಗಿಯಾಗಿದ್ದ ಒಂದು ಬೋಲ್ಟಿಗೆ ಉದ್ದದ ಸ್ಪ್ಯಾನರ್ ಹಾಕಿ ನನ್ನ ಕಡೆಗೆ ಜೋರಾಗಿ ಎಳೆದೆ. ಗಾಡಿ ಒಂದಿಂಚು ಮುಂದೆ ಬಂತು. ಜಾಕಿನ ಸಣ್ಣ ಪಾದ ಓರೆಯಾಯಿತು, ಮರದ ತುಂಡು ಜಾರಿತು, ಡಬಲ್ ಸ್ಟ್ಯಾಂಡ್ ಮಡಿಚಿಕೊಂಡಿತು. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಎರಡು ತುದಿಗಳು ಅಜ್ಜನ ಕಾಲದ ಕೆಂಪು ನೆಲಕ್ಕೆ ಬಡಿದವು. ನನ್ನ ಕಾಲು ಅರ್ಧ ಅಡಿ ಆಚೆಗಿತ್ತು. ಅಮ್ಮ ಓಡಿ ಬಂದು ಮೊದಲು ನೋಡಿದ್ದು ನೆಲವನ್ನು. ಆ ಗುಂಡಿ ಇನ್ನೂ ಇದೆ.

ಎಷ್ಟು ಟನ್ನಿನ ಜಾಕ್ ತೆಗೆದುಕೊಳ್ಳಬೇಕು?

ಟನ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಕ್ಲಾಸಿಕ್ 350 ತೂಗುವುದು 195 ಕೆಜಿ. ಇಂಟರ್‌ಸೆಪ್ಟರ್ ಸುಮಾರು 218, ಸೂಪರ್ ಮೀಟಿಯಾರ್ 650 ಅಂದರೆ 241. ಹೋಂಡಾ ಗೋಲ್ಡ್ ವಿಂಗ್, ಹಾರ್ಲಿಯ ದೊಡ್ಡ ಟೂರಿಂಗ್ ಗಾಡಿಗಳು 350 ಕೆಜಿ ದಾಟುತ್ತವೆ. ಬೈಕಿಗೆಂದೇ ಮಾಡಿದ ಜಾಕುಗಳ ಮೇಲೆ ಸಾಮಾನ್ಯವಾಗಿ 1,000, 1,100 ಅಥವಾ 1,500 ಪೌಂಡ್ ಅಂತ ಬರೆದಿರುತ್ತದೆ. ಅಂದರೆ ಸುಮಾರು 450, 500, 680 ಕೆಜಿ. ಗಾಡಿಯ ತೂಕದ ಎರಡರಷ್ಟು ಹೊರುವಂಥದ್ದು ತೆಗೆದುಕೊಂಡರೆ ಸಾಕು. ಪೆಟ್ಟಿಗೆ, ಸಾಮಾನು ತೂಗುಹಾಕಿದ ಗಾಡಿಯಾದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ. ಟ್ಯಾಂಕ್ ತುಂಬಿದ್ದರೆ ಹತ್ತು ಹದಿನೈದು ಕೆಜಿ ಅಲ್ಲೇ ಇರುತ್ತದೆ, ಅದೂ ಮೇಲ್ಗಡೆ.

ಬೈಕ್ ಜಾಕ್ ಮೇಲಿಂದ ಬಿದ್ದಿತು ಅಂದರೆ ಬಹುತೇಕ ಸಲ ಜಾಕ್ ಮುರಿದಿರುವುದಿಲ್ಲ. ಗಾಡಿ ಜಾರಿರುತ್ತದೆ ಅಥವಾ ಮಗುಚಿರುತ್ತದೆ.

ಹಾಗಾದರೆ ಏನು ನೋಡಬೇಕು?

ಅಗಲ. ಪಾದದ ಅಗಲ ಮತ್ತು ಮೇಲೆ ಗಾಡಿ ಕೂರುವ ಜಾಗದ ಅಗಲ, ಎರಡೂ.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಗಾಡಿಯ ಗುರುತ್ವ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಮೇಲಿದೆ ಅಂದುಕೊಳ್ಳಿ. ಜಾಕಿನ ಪಾದ 10 ಸೆಂಟಿಮೀಟರ್ ಅಗಲ ಇದ್ದರೆ, ಗಾಡಿ ಐದು ಡಿಗ್ರಿ ವಾಲುವ ಮುಂಚೆಯೇ ಮಗುಚುತ್ತದೆ. ಪಾದ 30 ಸೆಂಟಿಮೀಟರ್ ಇದ್ದರೆ 14 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ. ಅದೇ ಗಾಡಿಯನ್ನು ಇನ್ನೂ 30 ಸೆಂಟಿಮೀಟರ್ ಮೇಲೆತ್ತಿದಿರೋ, ಆ 14 ಹೋಗಿ ಒಂಬತ್ತೂವರೆಗೆ ಇಳಿಯುತ್ತದೆ. ಬಿಗಿಯಾದ ನಟ್ಟನ್ನು ಎಳೆಯುವಾಗ ಐದು ಡಿಗ್ರಿ ವಾಲುವುದು ಏನೂ ದೊಡ್ಡ ವಿಷಯವಲ್ಲ.

ಅದಕ್ಕೇ ಅಂಗಡಿಗೆ ಹೋದಾಗ ಟೇಪ್ ತೆಗೆದುಕೊಂಡು ಹೋಗಿ. ಅಂಗಡಿಯವರು ಒಂಥರಾ ನೋಡುತ್ತಾರೆ, ನೋಡಲಿ ಬಿಡಿ. ಪಾದ ಅಳೆಯಿರಿ. ಆಮೇಲೆ ಜಾಕನ್ನು ಪೂರ್ತಿ ಮೇಲಕ್ಕೆತ್ತಿ, ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ. ಕೀಲುಗಳಲ್ಲಿ ಲೊಡಲೊಡ ಅಂದರೆ ಅಲ್ಲೇ ಬಿಟ್ಟು ಬನ್ನಿ. ಖಾಲಿ ಇದ್ದಾಗ ಒಂದು ಬೆರಳಷ್ಟು ಆಡುವ ಜಾಕ್, ಮೇಲೆ 200 ಕೆಜಿ ಕೂತಾಗ ಇನ್ನೂ ಜಾಸ್ತಿ ಆಡುತ್ತದೆ.

ಮೂರನೆಯದು ಲಾಕ್. ಹೈಡ್ರಾಲಿಕ್ ಜಾಕ್ ಆದರೆ ಎತ್ತಿದ ಮೇಲೆ ಕಬ್ಬಿಣದ ಸರಳೋ ಪಿನ್ನೋ ಅಡ್ಡ ಬಂದು ಕೂರಬೇಕು. ಭಾರ ಎಣ್ಣೆಯ ಮೇಲಲ್ಲ, ಕಬ್ಬಿಣದ ಮೇಲೆ ನಿಲ್ಲಬೇಕು. ಲಾಕ್ ಇಲ್ಲದ ಜಾಕ್ ಎತ್ತುವುದಕ್ಕೆ ಸರಿ, ಅದರ ಕೆಳಗೆ ಕೈ ಹಾಕಿ ಕೆಲಸ ಮಾಡುವುದಕ್ಕಲ್ಲ.

ಸಿಸರ್ ಜಾಕ್ ಒಳ್ಳೆಯದಾ, ಹೈಡ್ರಾಲಿಕ್ ಒಳ್ಳೆಯದಾ?

ಸಿಸರ್ ಅಂದರೆ ಕತ್ತರಿ ಥರ ಮಡಚುವ ಜಾಕ್. ಬೈಕಿಗೆಂದು ಮಾಡಿದ್ದರಲ್ಲಿ ಮೇಲೆ ರಬ್ಬರ್ ಹಾಕಿದ ಅಗಲವಾದ ತಟ್ಟೆ ಇರುತ್ತದೆ. ಕೆಳಗೆ ಎರಡು ಉದ್ದನೆಯ ಪಾದ. ಮಧ್ಯದಲ್ಲಿ ಸ್ಕ್ರೂ. ಸ್ಪ್ಯಾನರಿನಿಂದ ತಿರುಗಿಸಬೇಕು. ಎಣ್ಣೆ ಇಲ್ಲ, ಸೋರುವುದಿಲ್ಲ, ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುತ್ತದೆ. ಮಂಚದ ಕೆಳಗೆ ಇಟ್ಟುಕೊಳ್ಳಬಹುದು. ಚೈನ್, ಚಕ್ರ, ಬ್ರೇಕ್ ಕೆಲಸಕ್ಕೆ ಮನೆಯಲ್ಲಿ ಇದು ಸಾಕು ಅನ್ನುವುದು ನನ್ನ ಅಭಿಪ್ರಾಯ.

ಒಂದು ತೊಂದರೆ ಇದೆ. ಪೂರ್ತಿ ಮಡಚಿದ್ದಾಗ ತಿರುಗಿಸುವುದು ಬಹಳ ಕಷ್ಟ. ತೋಳುಗಳು ನೆಲಕ್ಕೆ ಹತ್ತಿರ ಮಲಗಿದಷ್ಟೂ ಸ್ಕ್ರೂ ಮೇಲೆ ಎಳೆತ ಹೆಚ್ಚು. 45 ಡಿಗ್ರಿಯಲ್ಲಿ ಎಳೆತ ಹೊರುವ ತೂಕದಷ್ಟೇ ಇರುತ್ತದೆ, 15 ಡಿಗ್ರಿಯಲ್ಲಿ ಅದರ ಮೂರೂ ಮುಕ್ಕಾಲು ಪಟ್ಟು. 200 ಕೆಜಿ ಗಾಡಿಗೆ ಸ್ಕ್ರೂ ಮೇಲೆ 750 ಕೆಜಿ ಹತ್ತಿರ! ಅದಕ್ಕೆ ಜಾಕ್ ಕೆಳಗೆ ಅಗಲವಾದ ದಪ್ಪ ಹಲಗೆ ಕೊಟ್ಟು, ತೋಳುಗಳು ಸ್ವಲ್ಪ ಎದ್ದ ಮೇಲೆ ತಟ್ಟೆ ಗಾಡಿಗೆ ತಾಗುವ ಹಾಗೆ ಮಾಡಿಕೊಳ್ಳಿ. ಸ್ಕ್ರೂಗೆ ಗ್ರೀಸ್ ಇರಲಿ.

ಹೈಡ್ರಾಲಿಕ್ ಜಾಕ್‌ನಲ್ಲಿ ಸಣ್ಣ ಪಿಸ್ಟನ್ ಒತ್ತಿದರೆ ದೊಡ್ಡ ಪಿಸ್ಟನ್ ಏಳುತ್ತದೆ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟ್ ಪಡೆದ ಹೈಡ್ರಾಲಿಕ್ ಪ್ರೆಸ್ಸಿನ ತತ್ವವೇ ಇದು. ಕಾಲಲ್ಲಿ ನಾಲ್ಕು ಸಲ ತುಳಿದರೆ ಗಾಡಿ ಮೇಲೆ. ಬೈಕಿನ ಹೈಡ್ರಾಲಿಕ್ ಜಾಕ್‌ನಲ್ಲಿ ಎರಡು ಉದ್ದನೆಯ ತೋಳುಗಳಿದ್ದು ಫ್ರೇಮಿನ ಎರಡೂ ಕಡೆ ಹಿಡಿಯುತ್ತವೆ, ಪಾದ ಚೆನ್ನಾಗಿ ಅಗಲ, ಲಾಕ್ ಇರುತ್ತದೆ, ಪಟ್ಟಿ ಕಟ್ಟಲು ಕೊಕ್ಕೆಗಳಿರುತ್ತವೆ. 650 ಸಿಸಿ ಮೇಲಿನ ಗಾಡಿ ಇದ್ದು, ಜಾಗವೂ ಇದ್ದರೆ ಇದೇ ತೆಗೆದುಕೊಳ್ಳಿ. ಚಕ್ರ ಇದೆ ಅಂತ ಗಾಡಿ ಮೇಲಿಟ್ಟುಕೊಂಡು ಶೆಡ್ಡಿನ ತುಂಬಾ ತಳ್ಳಿಕೊಂಡು ಓಡಾಡುವುದು ಮಾತ್ರ ಬೇಡ. ಸಣ್ಣ ಕಲ್ಲು ಅಡ್ಡ ಬಂದರೂ ಕಥೆ ಮುಗಿಯಿತು.

ಬಾಟಲ್ ಜಾಕ್ (ಬಾಟಲಿಯ ಹಾಗೆ ನೆಟ್ಟಗೆ ನಿಲ್ಲುವ ಹೈಡ್ರಾಲಿಕ್ ಜಾಕ್) ಬೈಕಿಗೆ ಬೇಡ. ತಲೆ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಪ್ಯಾಡಕ್ ಸ್ಟ್ಯಾಂಡ್ ಇದ್ದರೆ ಜಾಕ್ ಬೇಕಾ?

ಪ್ಯಾಡಕ್ ಸ್ಟ್ಯಾಂಡ್ ಅಂದರೆ ಚಕ್ರದ ಹತ್ತಿರ ಗಾಡಿಯನ್ನು ಸನ್ನೆಯಂತೆ ಎತ್ತಿ ನಿಲ್ಲಿಸುವ ಕಬ್ಬಿಣದ ಚೌಕಟ್ಟು. ಚೈನಿಗೆ ಲೂಬ್ ಹೊಡೆಯುವುದು, ಹಿಂದಿನ ಚಕ್ರ ಬಿಚ್ಚುವುದು ಇಷ್ಟೇ ಆದರೆ ಜಾಕ್ ಬೇಡ. ಡಬಲ್ ಸ್ಟ್ಯಾಂಡ್ ಇಲ್ಲದ ಕೆಟಿಎಂ ಡ್ಯೂಕ್ ಥರದ ಗಾಡಿಗಳಿಗೆ ಪ್ಯಾಡಕ್ ಸ್ಟ್ಯಾಂಡೇ ಸರಿ. ಸ್ವಿಂಗ್ ಆರ್ಮಿಗೆ (ಹಿಂದಿನ ಚಕ್ರ ಹಿಡಿದಿರುವ ತೋಳು) ಬಾಬಿನ್ (ಸ್ಟ್ಯಾಂಡ್ ಸಿಕ್ಕಿಕೊಳ್ಳುವ ಸಣ್ಣ ಉರುಳೆ) ಹಾಕಿಸಿಕೊಂಡರೆ ಜಾರುವುದಿಲ್ಲ. ಬಾಬಿನ್ ಬೋಲ್ಟ್ 6, 8, 10 ಮಿಲಿಮೀಟರ್ ಅಂತ ಗಾಡಿಯಿಂದ ಗಾಡಿಗೆ ಬೇರೆ ಇರುತ್ತದೆ, ನೋಡಿ ಕೊಳ್ಳಿ. ಎರಡೂ ಸ್ಟ್ಯಾಂಡ್ ಹಾಕುವುದಾದರೆ ಯಾವಾಗಲೂ ಹಿಂದಿನದು ಮೊದಲು, ಮುಂದಿನದು ಆಮೇಲೆ.

ಆದರೆ ಪ್ಯಾಡಕ್ ಸ್ಟ್ಯಾಂಡ್ ಹಿಡಿಯುವುದು ಸ್ವಿಂಗ್ ಆರ್ಮನ್ನು. ಗಾಡಿಯ ಭಾರ ಸಸ್ಪೆನ್ಷನ್ ಮೇಲೆಯೇ ಇರುತ್ತದೆ. ಹಿಂದಿನ ಶಾಕ್ ಬಿಚ್ಚಿದಿರೋ, ಹಿಂಭಾಗ ಧೊಪ್ಪನೆ ಕೂರುತ್ತದೆ. ಶಾಕ್, ಸ್ವಿಂಗ್ ಆರ್ಮ್ ಕೆಲಸಕ್ಕೆ ಫ್ರೇಮನ್ನೇ ಎತ್ತಬೇಕು.

ನನ್ನ ಗಾಡಿಗೆ ಡಬಲ್ ಸ್ಟ್ಯಾಂಡ್ ಇದೆಯಲ್ಲ?

ಪುಣ್ಯವಂತರು. ಅರ್ಧ ಕೆಲಸ ಅದರಲ್ಲೇ ಆಗುತ್ತದೆ. ಮುಂದಿನ ಚಕ್ರ ಏಳಬೇಕಾದರೆ ಮುಂಭಾಗಕ್ಕೆ ಒಂದು ಸಿಸರ್ ಜಾಕ್ ಕೊಟ್ಟರಾಯಿತು. ನನ್ನ ಥರ ಆಗಬಾರದು ಅಂದರೆ ಡಬಲ್ ಸ್ಟ್ಯಾಂಡ್ ಮಡಚದ ಹಾಗೆ ಅದಕ್ಕೂ ಗಾಡಿಯ ಮುಂಭಾಗದ ಫ್ರೇಮಿಗೂ ಒಂದು ಪಟ್ಟಿ ಬಿಗಿಯಿರಿ. ಎರಡು ನಿಮಿಷದ ಕೆಲಸ.

ಗಾಡಿಯ ಕೆಳಗೆ ಜಾಕನ್ನು ಎಲ್ಲಿ ಕೊಡಬೇಕು?

ಕೊಳ್ಳುವ ಮುಂಚೆಯೇ ಇದಕ್ಕೆ ಉತ್ತರ ಗೊತ್ತಿರಬೇಕು. ನೆಲದ ಮೇಲೆ ಗೋಣಿಚೀಲ ಹಾಸಿ, ಟಾರ್ಚ್ ಹಿಡಿದು, ಅಂಗಾತ ಮಲಗಿ ಗಾಡಿಯ ಹೊಟ್ಟೆ ನೋಡಿ. ಫೋಟೋ ತೆಗೆದಿಟ್ಟುಕೊಳ್ಳಿ.

ಇಂಟರ್‌ಸೆಪ್ಟರ್, ಕಾಂಟಿನೆಂಟಲ್ ಜಿಟಿ 650 ಗಾಡಿಗಳದ್ದು ಡಬಲ್ ಕ್ರೇಡಲ್ ಫ್ರೇಮ್. ಎರಡು ಉಕ್ಕಿನ ಕೊಳವೆ ಇಂಜಿನ್ ಕೆಳಗೆ ಅಕ್ಕಪಕ್ಕ ಹಾದುಹೋಗುತ್ತವೆ, ತೊಟ್ಟಿಲಲ್ಲಿ ಇಂಜಿನ್ ಮಲಗಿಸಿದ ಹಾಗೆ. ಜಾಕಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡೂ ಕೊಳವೆಗಳಿಗೆ ಸಮನಾಗಿ ತಾಗುವ ಹಾಗೆ ಇಟ್ಟರೆ ಆಯಿತು.

2023ಕ್ಕಿಂತ ಹಿಂದಿನ ಬುಲೆಟ್, 2021ಕ್ಕಿಂತ ಹಿಂದಿನ ಕ್ಲಾಸಿಕ್‌ಗಳ ಕಥೆ ಬೇರೆ. ಮುಂದೆ ಒಂದೇ ಕೊಳವೆ ಇಳಿದು ಇಂಜಿನ್‌ಗೆ ಸೇರುತ್ತದೆ, ಅಲ್ಲಿಂದಾಚೆ ಇಂಜಿನ್ನೇ ಫ್ರೇಮ್. ಕೆಳಗೆ ಸಿಗುವುದು ಇಂಜಿನ್ನಿನ ಹೊರಕವಚ, ಅಂದರೆ ಅಲ್ಯೂಮಿನಿಯಂ ಕ್ರ್ಯಾಂಕ್‌ಕೇಸ್. ಅದರ ಮೇಲೆ ಕಬ್ಬಿಣದ ಜಾಕ್ ನೇರವಾಗಿ ಒತ್ತಿದರೆ ಬಿರುಕು ಬಿಡಬಹುದು. ದಪ್ಪ ಮರದ ಹಲಗೆ, ಅದರ ಮೇಲೆ ಹಳೇ ಟ್ಯೂಬಿನ ರಬ್ಬರ್, ಹೀಗೆ ಭಾರ ಹರಡಿಸಿ ಮೆಲ್ಲಗೆ ಎತ್ತಬೇಕು. ಆಯಿಲ್ ಡ್ರೈನ್ ಬೋಲ್ಟ್ ಉಬ್ಬಿಕೊಂಡಿರುವ ಜಾಗದಲ್ಲಿ ಹಲಗೆಗೆ ತೂತು ಕೊರೆದುಕೊಳ್ಳಿ. ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣನ ಹತ್ತಿರ ಅಂಥ ಹಲಗೆ ಒಂದಿದೆ. ಎಣ್ಣೆ ಕುಡಿದು ಕುಡಿದು ಎಮ್ಮೆಯ ಬೆನ್ನಿನ ಹಾಗೆ ಕರ್ರಗೆ ಹೊಳೆಯುತ್ತದೆ. ಯಾರಿಗೂ ಕೊಡುವುದಿಲ್ಲ.

ಹಿಮಾಲಯನ್ ಥರದ ಗಾಡಿಗಳಲ್ಲಿ ಕೆಳಗೆ ತಗಡಿನ ಕಾವಲು ಇರುತ್ತದೆ. ಗಟ್ಟಿಯಾಗಿ ಕಾಣುತ್ತದೆ, ಆದರೆ ಅದು ಕಲ್ಲೇಟಿಗೆ ಮಾಡಿದ್ದು. ಇಡೀ ಗಾಡಿಯ ಭಾರ ಹಾಕಿದರೆ ಒಳಕ್ಕೆ ಬಗ್ಗಿ ಇಂಜಿನ್ನಿಗೆ ತಾಗಬಹುದು. ಬಿಚ್ಚಿ ಫ್ರೇಮಿಗೆ ಕೊಡಿ. ಡ್ಯೂಕ್ 390 ಗಾಡಿಯಲ್ಲಿ ಇಂಜಿನ್ ಕೆಳಗೆ ಫ್ರೇಮೇ ಇಲ್ಲ, ಹಳೆಯದರಲ್ಲಿ ಸೈಲೆನ್ಸರ್ ಕೂಡ ಹೊಟ್ಟೆಯ ಕೆಳಗೇ ಇತ್ತು. ಅಂಥ ಗಾಡಿಗೆ ಜಾಕ್ ಕೊಳ್ಳುವುದೇ ಬೇಡ.

ಯಾವ ಗಾಡಿಯಾದರೂ ಸರಿ, ಸೈಲೆನ್ಸರ್ ಪೈಪ್, ಆಯಿಲ್ ಫಿಲ್ಟರ್, ಸೈಡ್ ಸ್ಟ್ಯಾಂಡ್ ಸ್ವಿಚ್ಚಿನ ವೈರ್, ಇವುಗಳಿಗೆ ಜಾಕ್ ತಾಗಲೇಬಾರದು.

ಜಾಕ್ ಎಷ್ಟು ಎತ್ತರ ಏಳಬೇಕು?

ಮೊದಲು ಎಷ್ಟು ತಗ್ಗಬೇಕು ಅಂತ ನೋಡಿ. ಸೂಪರ್ ಮೀಟಿಯಾರ್‌ನ ಗ್ರೌಂಡ್ ಕ್ಲಿಯರೆನ್ಸ್ (ನೆಲದಿಂದ ಗಾಡಿಯ ಹೊಟ್ಟೆಯವರೆಗಿನ ಎತ್ತರ) 135 ಮಿಲಿಮೀಟರ್. ಕ್ಲಾಸಿಕ್ 350ರದ್ದು 170, ಇಂಟರ್‌ಸೆಪ್ಟರ್‌ನದ್ದು 174. ಮಡಚಿದ ಜಾಕ್ ಇದಕ್ಕಿಂತ ತಗ್ಗಿರಬೇಕು. ಇಲ್ಲದಿದ್ದರೆ ಗಾಡಿಯನ್ನು ಹಲಗೆ ಮೇಲೆ ಹತ್ತಿಸಿ ಸರ್ಕಸ್ ಮಾಡಬೇಕಾಗುತ್ತದೆ.

ಎತ್ತರದ ಗಾಡಿಗಳಲ್ಲಿ ಉಲ್ಟಾ ತೊಂದರೆ. ಹಿಮಾಲಯನ್ 411ರ ಕ್ಲಿಯರೆನ್ಸೇ 220, ಹಿಂದಿನ ಸಸ್ಪೆನ್ಷನ್ 180 ಮಿಲಿಮೀಟರ್ ಆಡುತ್ತದೆ. ಫ್ರೇಮನ್ನು ಎತ್ತುತ್ತಾ ಹೋದರೂ ಚಕ್ರ ನೆಲ ಬಿಡುವುದೇ ಇಲ್ಲ, ಶಾಕ್ ಉದ್ದವಾಗುತ್ತಾ ಚಕ್ರ ಕೆಳಗೇ ಇರುತ್ತದೆ. ಅಷ್ಟು ದೂರ ಎತ್ತಿ, ಆಮೇಲೂ ಎರಡಿಂಚು ಎತ್ತಬೇಕು. ಇದನ್ನು ಲೆಕ್ಕ ಹಾಕದೆ ಜಾಕ್ ತಂದವರು ಆಮೇಲೆ ಕೆಳಗೆ ಇಟ್ಟಿಗೆ ಜೋಡಿಸುತ್ತಾರೆ. ಇಟ್ಟಿಗೆ ಭಾರಕ್ಕೆ ಪುಡಿಯಾಗುತ್ತದೆ, ಹಾಲೋ ಬ್ಲಾಕ್ ಅಂತೂ ಸದ್ದಿಲ್ಲದೆ ಕುಸಿಯುತ್ತದೆ. ಬೇಡವೇ ಬೇಡ.

ಎಂಥ ನೆಲದ ಮೇಲೆ ಎತ್ತಬಹುದು?

ಗಟ್ಟಿ ಸಿಮೆಂಟ್ ನೆಲ, ಮಟ್ಟಸವಾಗಿರಬೇಕು. ನುಣ್ಣನೆ ಟೈಲ್ಸ್ ಆದರೆ ಜಾಕ್ ಕೆಳಗೆ ರಬ್ಬರ್ ಮ್ಯಾಟ್. ಇಂಟರ್‌ಲಾಕ್ ಟೈಲ್ಸ್, ಕಲ್ಲು ಚಪ್ಪಡಿ, ಮಣ್ಣು, ಇವುಗಳ ಮೇಲೆ 18 ಮಿಲಿಮೀಟರ್ ಪ್ಲೈವುಡ್ ಹಾಕಿ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ನೆಲ ನೀರು ಹರಿಯಲಿ ಅಂತ ಸ್ವಲ್ಪ ಇಳಿಜಾರಾಗಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ಗೋಲಿ ಇಟ್ಟು ನೋಡಿ, ಉರುಳಿದರೆ ಬೇರೆ ಜಾಗ ಹುಡುಕಿ.

ಒಬ್ಬನೇ ಎತ್ತಬಹುದಾ?

ಮೊದಲ ಎರಡು ಮೂರು ಸಲ ಬೇಡ. ಅಪಾಯ ಇರುವುದು ಗಾಡಿ ಮೇಲೆ ಹೋದ ಮೇಲಲ್ಲ, ಸೈಡ್ ಸ್ಟ್ಯಾಂಡಿನಿಂದ ಜಾಕಿಗೆ ಭಾರ ದಾಟುವ ಆ ನಾಲ್ಕು ಸೆಕೆಂಡಿನಲ್ಲಿ. ಗಾಡಿ ಎಡಕ್ಕೆ ವಾಲಿಕೊಂಡಿರುತ್ತದೆ. ಜಾಕ್ ಮೊದಲು ಒಂದೇ ಕಡೆ ತಾಗುತ್ತದೆ. ಆಮೇಲೆ ಗಾಡಿ ನಿಧಾನಕ್ಕೆ ನೆಟ್ಟಗಾಗುತ್ತದೆ, ಒಮ್ಮೊಮ್ಮೆ ನೆಟ್ಟಗಾಗಿ ನಿಲ್ಲದೆ ಬಲಕ್ಕೂ ಹೋಗುತ್ತದೆ. ಆಗ ಹ್ಯಾಂಡಲ್ ಹಿಡಿಯಲು ಇನ್ನೊಬ್ಬರು ಬೇಕು. ತಮ್ಮನನ್ನೋ ಪಕ್ಕದ ಮನೆಯವರನ್ನೋ ಕರೆಯಿರಿ, ಒಂದು ಕಾಫಿ ಕೊಟ್ಟರಾಯಿತು.

ರೂಢಿಯಾದ ಮೇಲೆ ಒಬ್ಬರೇ ಮಾಡುವುದಾದರೆ: ಗಾಡಿ ಗೇರಿನಲ್ಲಿರಲಿ. ಮುಂದಿನ ಬ್ರೇಕ್ ಲಿವರನ್ನು ಹಳೇ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿ. ಸೈಡ್ ಸ್ಟ್ಯಾಂಡ್ ಕೆಳಗೆ ಒಂದು ಹಲಗೆ ಕೊಟ್ಟು ಗಾಡಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುವ ಹಾಗೆ ಮಾಡಿ, ಆದರೆ ಎಡಕ್ಕೆ ಸ್ವಲ್ಪ ಭಾರ ಇರಲೇಬೇಕು. ಒಂದು ಕೈ ಗಾಡಿಯ ಮೇಲೆ, ಒಂದು ಕಾಲು ಜಾಕಿನ ಪೆಡಲಿನ ಮೇಲೆ. ಟೈರ್ ನೆಲದಿಂದ ಒಂದು ಬೆರಳು ಎದ್ದಾಗ ನಿಲ್ಲಿಸಿ. ಹಿಂದಿನ ಸೀಟ್ ಹಿಡಿದು ಅಲ್ಲಾಡಿಸಿ ನೋಡಿ. ಗಾಡಿಯೂ ಜಾಕೂ ಒಂದೇ ವಸ್ತುವಿನ ಹಾಗೆ ಅಲುಗಿದರೆ ಸರಿ, ಗಾಡಿ ಮಾತ್ರ ಜಾಕಿನ ಮೇಲೆ ಅಲುಗಿದರೆ ಇಳಿಸಿ ಮತ್ತೆ ಕೂರಿಸಿ. ಸೈಡ್ ಸ್ಟ್ಯಾಂಡ್ ಮಡಚಬೇಡಿ, ಹೊರಗೇ ಇರಲಿ.

ಚಕ್ರ ಬಿಚ್ಚಿದ ಮೇಲೆ ಗಾಡಿ ಒಂದು ಕಡೆ ತೂಗುತ್ತದೆ, ಏನು ಮಾಡಲಿ?

ತಕ್ಕಡಿ ಇದ್ದ ಹಾಗೆ. ಹಿಂದಿನ ಚಕ್ರ ಬಿಚ್ಚಿದರೆ ಮೂಗು ಭಾರ, ಮುಂದಿನದು ಬಿಚ್ಚಿದರೆ ಬಾಲ ಭಾರ. ಯಾವ ಕೆಲಸಕ್ಕೆ ಎತ್ತುತ್ತಿದ್ದೀರಿ ಅಂತ ಮೊದಲೇ ಗೊತ್ತಿರುತ್ತದೆ ಅಲ್ವಾ? ಹಿಂದಿನ ಚಕ್ರ ಬಿಚ್ಚುವುದಾದರೆ ಜಾಕನ್ನು ಒಂದೆರಡು ಇಂಚು ಮುಂದಕ್ಕೆ, ಮುಂದಿನದಾದರೆ ಹಿಂದಕ್ಕೆ ಕೊಡಿ. ಒಂದು ಚಕ್ರ ನೆಲದ ಮೇಲೆಯೇ ಇದ್ದರೆ ಅದಕ್ಕೆ ಎರಡೂ ಕಡೆ ಆನಿಕೆ ಇಡಿ. ಬಿಗಿಯಾದ ಆಕ್ಸಲ್ ನಟ್ಟನ್ನು ಗಾಡಿ ನೆಲದ ಮೇಲಿರುವಾಗಲೇ ಸಡಿಲ ಮಾಡಿಕೊಳ್ಳಿ. ಮತ್ತೆ ಕೊನೆಯ ಬಿಗಿತವೂ ನೆಲಕ್ಕಿಳಿಸಿದ ಮೇಲೆ. ಇಷ್ಟು ಮಾಡಿದ್ದರೆ ನಮ್ಮ ಮನೆಯ ನೆಲ ಉಳಿಯುತ್ತಿತ್ತು.

ಪಟ್ಟಿ ಕಟ್ಟಲೇಬೇಕಾ?

ಚೈನ್ ಒರೆಸಲು ಹತ್ತು ನಿಮಿಷಕ್ಕೆ ಬೇಡ. ಚಕ್ರ, ಫೋರ್ಕ್, ಶಾಕ್ ಯಾವುದೇ ಬಿಚ್ಚುವುದಾದರೆ ಬೇಕು. ರ‍್ಯಾಚೆಟ್ ಇರುವ ಪಟ್ಟಿ ಎರಡು ಸಾಕು, ಎಡಕ್ಕೊಂದು ಬಲಕ್ಕೊಂದು, ಫ್ರೇಮಿನಿಂದ ಜಾಕಿನ ಕೊಕ್ಕೆಗೆ. ಪ್ಲಾಸ್ಟಿಕ್, ಇಂಡಿಕೇಟರ್, ಕೇಬಲ್ ಮೇಲೆ ಹಾಯಿಸಬೇಡಿ. ಶೆಡ್ಡಿನ ಸೂರಿನ ಗಟ್ಟಿ ತೊಲೆಗೆ ಮೇಲಿಂದ ಒಂದು ಹಗ್ಗ ಕಟ್ಟುವವರೂ ಇದ್ದಾರೆ. ತೊಲೆ ನಿಜವಾಗಿ ಗಟ್ಟಿಯಿದ್ದರೆ ಒಳ್ಳೆಯ ಉಪಾಯ.

ಜಾಕ್ ತಾನಾಗಿಯೇ ಇಳಿಯುತ್ತಿದೆ. ಹಾಳಾಯಿತಾ?

ಒಳಗಿನ ವಾಲ್ವಿನಲ್ಲಿ ಕಸ ಕೂತಿರಬಹುದು, ಸೀಲ್ ಸವೆದಿರಬಹುದು, ಅಥವಾ ಇಳಿಸುವ ಸ್ಕ್ರೂ ಪೂರ್ತಿ ಬಿಗಿದಿಲ್ಲದೆ ಇರಬಹುದು. ಎಣ್ಣೆ ಕಡಿಮೆಯಾಗಿದ್ದರೆ ಜಾಕ್ ಆಯಿಲ್ ಮಾತ್ರ ಹಾಕಿ. ಬ್ರೇಕ್ ಆಯಿಲ್ ಹಾಕಿದರೆ ಸೀಲುಗಳು ಉಬ್ಬಿ ಹಾಳಾಗುತ್ತವೆ.

ಹೊಸ ಜಾಕ್ ತಂದಾಗಲೂ ಒಂದು ಪರೀಕ್ಷೆ ಮಾಡಿ. ಗಾಡಿಯನ್ನು ಸ್ವಲ್ಪವೇ ಎತ್ತಿ, ಟೈರಿಗೂ ನೆಲಕ್ಕೂ ನಡುವೆ ಒಂದು ದಪ್ಪ ನೋಟ್‌ಬುಕ್ ಸರಾಗವಾಗಿ ಆಡುವಷ್ಟು ಜಾಗ ಬಿಡಿ. ಲಾಕ್ ಹಾಕಬೇಡಿ, ಹ್ಯಾಂಡಲ್ ಹತ್ತಿರವೇ ಕೂತಿರಿ. ಅರ್ಧ ಗಂಟೆಯಲ್ಲಿ ಪುಸ್ತಕ ಸಿಕ್ಕಿಕೊಂಡರೆ ಜಾಕ್ ವಾಪಸ್ ಕೊಡಿ.

ಟೇಬಲ್ ಲಿಫ್ಟ್ ಹಾಕಿಸಿಕೊಳ್ಳಲಾ?

ಇಡೀ ಗಾಡಿಯನ್ನು ಮೇಜಿನ ಹಾಗೆ ಸೊಂಟದೆತ್ತರಕ್ಕೆ ಎತ್ತುವ ಲಿಫ್ಟ್ ಅದು. ದುಡ್ಡು, ಜಾಗ ಎರಡೂ ಇದ್ದರೆ ಅದಕ್ಕಿಂತ ಆರಾಮದ್ದು ಇನ್ನೊಂದಿಲ್ಲ. ಸೊಂಟ ಉಳಿಯುತ್ತದೆ. ವರ್ಷಕ್ಕೆ ಮೂರು ಸಲ ಎತ್ತುವವರಿಗೆ ದಂಡ.

ವಿದೇಶದಲ್ಲಿದ್ದೇನೆ, ಆನ್‌ಲೈನ್‌ನಲ್ಲಿ ತರಿಸುತ್ತಿದ್ದೇನೆ. ಏನು ನೋಡಲಿ?

ಯುರೋಪಿನಲ್ಲಿ ಇಎನ್ 1494, ಅಮೆರಿಕದಲ್ಲಿ ಎಎಸ್‌ಎಂಇಯ ಪೇಸ್ ಅಂತ ಬರೆದಿದೆಯಾ ನೋಡಿ, ಎರಡೂ ಜಾಕುಗಳ ಸುರಕ್ಷತೆಯ ಮಾನದಂಡಗಳು. ಹಾಗೆ ಬರೆದಿದೆ ಅಂತ ಕಣ್ಣು ಮುಚ್ಚಿ ನಂಬುವುದೂ ಬೇಡ. 2020ರಲ್ಲಿ ಅಮೆರಿಕದಲ್ಲಿ ಲಕ್ಷಗಟ್ಟಲೆ ಕಾರ್ ಜಾಕ್ ಸ್ಟ್ಯಾಂಡುಗಳನ್ನು ವಾಪಸ್ ಕರೆಸಿಕೊಂಡರು. ಭಾರ ಹಿಡಿಯುವ ಹಲ್ಲುಗಳು ಸರಿಯಾಗಿ ಕಚ್ಚುತ್ತಿರಲಿಲ್ಲ. ಬದಲಿಗೆ ಕೊಟ್ಟ ಸ್ಟ್ಯಾಂಡುಗಳಲ್ಲೂ ಕೆಲವಕ್ಕೆ ವೆಲ್ಡಿಂಗ್ ದೋಷ ಬಂತು! ಡಬ್ಬ ತೆರೆದ ಕೂಡಲೇ ವೆಲ್ಡಿಂಗ್ ಗೆರೆಗಳನ್ನು ಬೆರಳಲ್ಲಿ ಮುಟ್ಟಿ ನೋಡಿ. ತೂತು, ಅರ್ಧಕ್ಕೆ ನಿಂತ ಬೆಸುಗೆ ಕಂಡರೆ ಬಣ್ಣಕ್ಕೆ ಮರುಳಾಗಬೇಡಿ. ಸೆಕೆಂಡ್ ಹ್ಯಾಂಡಿಗೂ ಇದೇ ಮಾತು.

ಊರಿಗೆ ಹೋಗುತ್ತಿದ್ದೇನೆ, ಮೂರು ತಿಂಗಳು ಜಾಕ್ ಮೇಲೆ ಬಿಡಲಾ?

ಬೇಡ. ಡಬಲ್ ಸ್ಟ್ಯಾಂಡೋ ಪ್ಯಾಡಕ್ ಸ್ಟ್ಯಾಂಡೋ ಹಾಕಿ ಹೋಗಿ. ಮನೆಯಲ್ಲಿ ಮಕ್ಕಳಿದ್ದರೆ ಒಂದು ರಾತ್ರಿಗೂ ಜಾಕ್ ಮೇಲೆ ಬಿಡಬೇಡಿ.

ಗಾಡಿ ಬೀಳುತ್ತಿದೆ ಅನ್ನಿಸಿದರೆ?

ಬಿಟ್ಟು ಹಿಂದೆ ಸರಿಯಿರಿ. ಹಿಡಿಯಲು ಕೈ ತಾನಾಗಿ ಮುಂದೆ ಹೋಗುತ್ತದೆ, ಎಲ್ಲರದ್ದೂ ಹೋಗುತ್ತದೆ. ವಾಲಲು ಶುರುವಾದ 200 ಕೆಜಿಯನ್ನು ಯಾರೂ ಹಿಡಿದು ನಿಲ್ಲಿಸಲಾರರು. ಅದಕ್ಕೇ ನಾನು ಈಗ ಕೆಲಸ ಶುರು ಮಾಡುವ ಮುಂಚೆ ನನ್ನ ಬೆನ್ನ ಹಿಂದಿರುವ ಸ್ಟೂಲು, ಬಕೆಟ್ಟು, ಟೂಲ್ ಡಬ್ಬ ಎಲ್ಲ ತೆಗೆದು ಪಕ್ಕಕ್ಕಿಡುತ್ತೇನೆ. ಹಿಂದೆ ಎರಡು ಹೆಜ್ಜೆ ಜಾಗ ಖಾಲಿ ಇರಬೇಕು.